ಮೊದಲು ಕಾರಣ, ಆಮೇಲೆ ಕಾಫಿ

ಢಬ್.

ಗುಡ್ಡದ ಮೇಲಿನ ದ್ರಾಕ್ಷಿತೋಟಗಳಿಂದ ಈ ಸದ್ದು ಬಂದರೆ ನಮ್ಮ ಬೀದಿಯಲ್ಲಿ ಯಾರೂ ತಲೆಯೆತ್ತಿ ನೋಡುವುದಿಲ್ಲ. ಹಣ್ಣು ಮಾಗುವ ಹೊತ್ತಿಗೆ ಕಬ್ಬಕ್ಕಿಗಳು ಹಿಂಡುಗಟ್ಟಿ ಇಳಿಯುತ್ತವೆ. ಅವನ್ನು ಬೆದರಿಸಲು ತೋಟದವರು ಗ್ಯಾಸಿನ ತೋಪು ಇಟ್ಟಿರುತ್ತಾರೆ. ಸೆಪ್ಟೆಂಬರ್ ಪೂರ್ತಿ, ಬೆಳಗಿನಿಂದ ಬೆಳಕು ಆರುವವರೆಗೆ, ಹತ್ತು ನಿಮಿಷಕ್ಕೊಂದು ಢಬ್. ವರ್ಶಾತ್ಸ್ ಊರಿನ ನಾಯಿಗಳು ಕೂಡ ಅದಕ್ಕೆ ಕಿವಿ ನಿಮಿರಿಸುವುದನ್ನು ಬಿಟ್ಟಿವೆ. ಇನ್ನೂ ಬೆಚ್ಚುವ ಜೀವ ಬೀದಿಯಲ್ಲಿ ಎರಡೇ. ವಿದೊಸಾವಾಳ ಹೊಲಿಗೆ ಕೋಣೆಯ ಗಾಜಿನ ತೊಟ್ಟಿಯಲ್ಲಿರುವ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಎರಡು ಮೀನು.

ಹೋದ ವರ್ಷ ಸದ್ದಾದಾಗ ಅವು ಹವಳದ ಬೆರಳುಗಳ ನಡುವೆ ಹೋಗಿ ಅವಿತುಕೊಳ್ಳುತ್ತಿದ್ದವು. ಈ ವರ್ಷ ಅವಿತುಕೊಳ್ಳಲು ಏನೂ ಉಳಿದಿರಲಿಲ್ಲ. ಪಂಪಿನ ಹಿಂದಿನ ಸಂದಿಗೆ ನುಗ್ಗಿ, ಸ್ವಲ್ಪ ಹೊತ್ತು ಅಲ್ಲೇ ನಡುಗಿ, ಮತ್ತೆ ಹೊರಗೆ ಬರುತ್ತಿದ್ದವು. ವಿದೊಸಾವಾ ಮಷೀನಿನ ಮುಂದೆ ಕೂತು ಅದನ್ನು ನೋಡುತ್ತಿದ್ದಳು. ನೋಡದೆ ಇರಲು ಸೆಪ್ಟೆಂಬರ್ ಮೊದಲ ವಾರ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಆಗ ಬೆಳಕು ಸಾಲದೆ ಹೊಲಿಗೆ ಸೊಟ್ಟಗಾಯಿತು. ಮತ್ತೆ ತಿರುಗಿಸಿದಳು.

ಅವಳಿಗೆ ಐವತ್ತನಾಲ್ಕು ವರ್ಷ. ಬೀದಿಯಲ್ಲಿ ಎಲ್ಲರಿಗೂ ಅವಳು ವಿದಾ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ಪು ಬದಲಿಸುವುದು, ಕೋಟಿಗೆ ಹೊಸ ಒಳಬಟ್ಟೆ ಹಾಕುವುದು, ಇದು ಇಪ್ಪತ್ತೆಂಟು ವರ್ಷದಿಂದ ಅವಳ ಕೆಲಸ. ಗಂಡ ತಿಮೊತಿಯೆ ರೈಲ್ವೆಯಿಂದ ನಿವೃತ್ತನಾದವನು. ಗುಡ್ಡದ ಇಳಿಜಾರಿನಲ್ಲಿ ಅವನಿಗೆ ಏಳು ಸಾಲು ದ್ರಾಕ್ಷಿ ಇದೆ, ಜೊತೆಗೆ ಆ ಏಳು ಸಾಲಿನ ಬಗ್ಗೆ ಎಪ್ಪತ್ತು ಸಾಲಿಗಾಗುವಷ್ಟು ಮಾತು.

ಹವಳದ ಹುಚ್ಚು ಅವಳಿಗೆ ಹತ್ತಿದ್ದು ಒಂದು ಕೋಟಿನ ದೆಸೆಯಿಂದ. ಒಂಬತ್ತು ವರ್ಷದ ಹಿಂದೆ ಕೊರ್ನೆಲ್ ಎಂಬ ಮುದುಕರು ಚಳಿಗಾಲದ ಕೋಟು ತಂದುಕೊಟ್ಟರು. ಊರಿನ ಅರ್ಧ ಜನಕ್ಕೆ ಕಟ್ಟುಹಲ್ಲು ಮಾಡಿಕೊಟ್ಟ ಕೈ ಅವರದು. ಕೋಟು ತಲುಪಿಸಲು ಅವರ ಮನೆಗೆ ಹೋದ ವಿದಾ ಒಂದೂವರೆ ಗಂಟೆ ವಾಪಸ್ಸು ಬರಲಿಲ್ಲ. ಅವರ ಊಟದ ಕೋಣೆಯ ಗೋಡೆಗುದ್ದಕ್ಕೂ ಒಂದು ತೊಟ್ಟಿ ಇತ್ತು. ನಡುವೆ ಹಸಿರು ತುದಿಯ ನೂರಾರು ಬೆರಳು ಒಂದೇ ಗಾಳಿಗೆ ಸಿಕ್ಕ ಹುಲ್ಲಿನ ಹಾಗೆ ತೂಗುತ್ತಿದ್ದವು. ಅದಕ್ಕೆ ಕೊರ್ನೆಲ್ ಇಟ್ಟ ಹೆಸರು ಅಜ್ಜಿ. ಇಪ್ಪತ್ತೆರಡು ವರ್ಷದಿಂದ ಸಾಕಿದ ಹವಳ. ಸಮುದ್ರದಿಂದ ಇಷ್ಟು ದೂರದ ಊರಿನಲ್ಲಿ, ಹೊರಗೆ ಹಿಮ ಬೀಳುತ್ತಿರುವಾಗ, ಅಜ್ಜಿ ತನ್ನಷ್ಟಕ್ಕೆ ತಾನು ತೂಗುತ್ತಿತ್ತು. ವಿದಾ ಆ ವಸಂತದಲ್ಲೇ ಸಣ್ಣದೊಂದು ತೊಟ್ಟಿ ತಂದಳು.

ಊರಿನಲ್ಲಿ ಈ ಹುಚ್ಚಿನವರು ಹನ್ನೊಂದು ಜನ. ತಿಂಗಳ ಒಂದು ಭಾನುವಾರ ಬೆಳಿಗ್ಗೆ ಗಾಳ ಹಾಕುವವರ ಸಂಘದ ಹಿಂದಿನ ಕೋಣೆಯಲ್ಲಿ ಸೇರುತ್ತಾರೆ. ಅಲ್ಲಿ ಕೊರ್ನೆಲ್ ಹಾಕಿಕೊಟ್ಟ ಒಂದು ಪದ್ಧತಿ ಇದೆ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸುತ್ತಾರೆ. ಬಟ್ಟೆಯ ಅಂಚು ಮಡಿಸಿ ಹೊಲಿದವಳು ವಿದಾನೇ. ಆ ತಿಂಗಳು ಯಾರ ಮನೆಯಲ್ಲಿ ಹವಳ ಸತ್ತಿದೆಯೋ ಅವರು ಅದರ ಬಿಳಿ ಎಲುಬನ್ನು ತಂದು ಬಟ್ಟೆಯ ಮೇಲಿಟ್ಟು, ಹೇಗೆ ಸತ್ತಿತು ಅಂತ ಹೇಳಬೇಕು. ಹೇಳುವಾಗ ಯಾರೂ ಬಾಯಿ ಹಾಕುವ ಹಾಗಿಲ್ಲ. ಸಮಾಧಾನ, ಬುದ್ಧಿವಾದ, ತಮಾಷೆ ಎಲ್ಲ ಕಾಫಿ ಬಂದ ಮೇಲೆ. "ಮೊದಲು ಕಾರಣ, ಆಮೇಲೆ ಕಾಫಿ" ಅನ್ನುತ್ತಾರೆ ಕೊರ್ನೆಲ್. ಗೊತ್ತಿಲ್ಲ ಅನ್ನುವುದೂ ಒಂದು ಕಾರಣವೇ, ಅದು ನಿಜವಾಗಿದ್ದರೆ. ಹೇಳಿದವರಿಗೆ ಅಜ್ಜಿಯಿಂದ ಒಂದು ಚೂರು ಸಿಗುತ್ತದೆ. ಎಲುಬುಗಳನ್ನು ಕೊರ್ನೆಲ್ ಮನೆಗೆ ಒಯ್ದು ಕುಟ್ಟಿ, ಕೋಳಿಗಳಿಗೆ ಹಾಕಲು ಹೆಂಡತಿಗೆ ಕೊಡುತ್ತಾರೆ. ಅವರ ಮನೆಯ ಮೊಟ್ಟೆ ಒಡೆಯಲು ಸುತ್ತಿಗೆ ಬೇಕು ಅನ್ನುವುದು ಕೋಣೆಯ ಹಳೆಯ ಮಾತು.

ವಿದಾಳ ತೊಟ್ಟಿಯಲ್ಲಿ ಉಗುರಿನಷ್ಟಿದ್ದ ಅಜ್ಜಿಯ ಚೂರು ಆರು ವರ್ಷದಲ್ಲಿ ಒಂದು ರೊಟ್ಟಿಯಷ್ಟು ಬೆಳೆದಿತ್ತು. ಈ ಏಪ್ರಿಲ್‌ನಲ್ಲಿ ಅದು ಒಂಬತ್ತು ದಿನದಲ್ಲಿ ಹೋಯಿತು. ಮೊದಲು ಬಸವನಹುಳುಗಳು ಗಾಜಿನಿಂದ ಉದುರಿದವು. ಆಮೇಲೆ ಹಸಿರು ಬೆರಳುಗಳು ಒಳಗೆ ಎಳೆದುಕೊಂಡವು. ಆಮೇಲೆ ಮಾಂಸ ಎಲುಬಿನಿಂದ ಬಿಟ್ಟುಕೊಂಡು, ಹಳೆಯ ಕೋಟಿನ ಒಳಬಟ್ಟೆ ಹೊಲಿಗೆ ಬಿಟ್ಟು ಜೋತಾಡುವ ಹಾಗೆ, ನೀರಿನಲ್ಲಿ ಜೋತಾಡಿತು. ವಾರಕ್ಕೊಂದು ಸಲ ನೀರು ಬದಲಿಸುತ್ತಿದ್ದವಳು ಎರಡು ಸಲ ಬದಲಿಸತೊಡಗಿದಳು. ಮೀನಿಗೆ ಏನೂ ಆಗಲಿಲ್ಲ. ಉಳಿದ ಹವಳಗಳೆಲ್ಲ ಒಂದೊಂದಾಗಿ ಬಿಳಿಚಿಕೊಂಡವು.

ಕೊರ್ನೆಲ್ ಮನೆಗೇ ಬಂದು ನೋಡಿದರು.

"ಮೀನು ಬದುಕಿ ಹವಳ ಸತ್ತಿದೆ ಅಂದ್ರೆ ನನಗೆ ತಾಮ್ರದ ಮೇಲೆ ಅನುಮಾನ, ಮಗಳೇ. ತೊಟ್ಟೀಲಿ ನಾಣ್ಯ ಏನಾದ್ರೂ ಬಿದ್ದಿದೆಯಾ? ಪಂಪಿನ ತಿರುಪು? ನೀರಿನ ಪೈಪು?"

"ಪೈಪು ಪ್ಲಾಸ್ಟಿಕ್ಕು, ಕೊರ್ನೆಲ್ ಮಾಮ. ತಾಮ್ರ ಅಂದ್ರೆ ನಮ್ಮನೇಲಿ ಸಾರಾಯಿ ಕಾಯಿಸೋ ಹಂಡೆ ಒಂದೇ. ಅದೂ ಮೈದುನನ ಮನೇಲಿದೆ."

ಮೇ ತಿಂಗಳ ಭಾನುವಾರ ಅವಳು ಎಲುಬನ್ನು ಬಟ್ಟೆಯ ಮೇಲಿಟ್ಟು, ಗೊತ್ತಿಲ್ಲ ಅಂದಳು. ಅದು ನಿಜವಾಗಿತ್ತು. ಅಜ್ಜಿಯ ಹೊಸ ಚೂರು ಸಿಕ್ಕಿತು. ಉಳಿದವರಲ್ಲಿ ಕೆಲವರೂ ತಮ್ಮ ತಮ್ಮ ತೊಟ್ಟಿಯಿಂದ ಒಂದೊಂದು ಮುರಿದು ಕೊಟ್ಟರು. ಜೂನ್ ಮುಗಿಯುವಷ್ಟರಲ್ಲಿ ಅವೂ ಸತ್ತವು. ಜುಲೈನಲ್ಲಿ ಅವಳು ಮತ್ತೆ ಏಳು ಬಿಳಿ ಎಲುಬು ತಂದಿಟ್ಟು, ಮತ್ತೆ ಗೊತ್ತಿಲ್ಲ ಅಂದಳು. ಕಾಫಿ ಬಂದ ಮೇಲೆ ಭೂಗೋಳದ ಟೀಚರ್ ನೆವೆಂಕಾ ಲೋಟ ಕೆಳಗಿಟ್ಟು, "ಇದು ಉಪ್ಪಿನದೇ ತೊಂದರೆ" ಅಂದಳು.

ಹನ್ನೊಂದು ಜನಕ್ಕೂ ಸಮುದ್ರದ ಉಪ್ಪು ತಂದುಕೊಡುತ್ತಿದ್ದವನು ಸ್ರೆತೆನ್. ಬೆಲ್‌ಗ್ರೇಡ್ ಬಸ್ಸಿನ ಡ್ರೈವರ್. ಚೀಲಗಳನ್ನು ಬಸ್ಸಿನ ಹೊಟ್ಟೆಯಲ್ಲಿ ಹಾಕಿಕೊಂಡು ಬರುತ್ತಿದ್ದ.

"ನಾನೂ ಅದೇ ಉಪ್ಪು ಹಾಕ್ತೀನಲ್ಲ" ಅಂದ ಸ್ರೆತೆನ್. "ನನ್ನವು ಚೆನ್ನಾಗೇ ಇವೆ."

"ನಿನ್ನ ಹವಳಕ್ಕೆ ಡೀಸೆಲ್ ಹೊಗೆ ಕುಡಿದು ಅಭ್ಯಾಸ" ಅಂದರು ಯಾರೋ. ಎಲ್ಲರೂ ನಕ್ಕರು. ಸ್ರೆತೆನ್ ಕೂಡ ನಕ್ಕ. ಆದರೆ ಆ ವಾರದಿಂದ ಒಬ್ಬೊಬ್ಬರಾಗಿ ಅವನಿಂದ ಉಪ್ಪು ತರಿಸುವುದನ್ನು ಬಿಟ್ಟರು. ಅವನು ಸಭೆಗೆ ಬರುವುದನ್ನು ಬಿಟ್ಟ.

ವಿದಾ ಆಗ ಏನೂ ಹೇಳಲಿಲ್ಲ. ಉಪ್ಪಿರಬಹುದು ಅಂತ ಅವಳಿಗೂ ಅನ್ನಿಸಿತ್ತು. ತನ್ನ ಕೈಯಲ್ಲ, ಉಪ್ಪು ಅಂತ ಅಂದುಕೊಂಡಾಗ ಎದೆಯ ಮೇಲಿನ ಭಾರ ಸ್ವಲ್ಪ ಕಡಿಮೆಯಾಗುತ್ತಿತ್ತು ಕೂಡ. ಆದರೂ ಖಾಲಿ ತೊಟ್ಟಿಯ ಮುಂದೆ ಕೂತು ಹೊಲಿಯುವುದು ಕಷ್ಟವಾಯಿತು. ಗಿರಾಕಿಗಳು ಬಂದವರು ಮೊದಲು ತೊಟ್ಟಿ ನೋಡಿ, ಆಮೇಲೆ ಅವಳ ಮುಖ ನೋಡಿ, ಆಮೇಲೆ ತಂದ ಪ್ಯಾಂಟಿನ ಮಡಿಕೆ ಬಿಚ್ಚಿ ತೋರಿಸುತ್ತಿದ್ದರು. ಸೆಪ್ಟೆಂಬರ್ ಎರಡನೆಯ ವಾರ ಪಾಂಚೆವೊ ಊರಿನವನೊಬ್ಬ ಫೋನಿನಲ್ಲಿ ತೊಟ್ಟಿ ಕೊಳ್ಳುತ್ತೇನೆ ಅಂದ. ಮೀನು, ಪಂಪು, ದೀಪ, ಕಲ್ಲು ಸಮೇತ. ಸೋಮವಾರ ವ್ಯಾನು ತರುವುದಾಗಿ ಹೇಳಿದ. ಸರಿ ಅಂದಳು.

ಅದರ ಮುಂಚಿನ ಶನಿವಾರ ದ್ರಾಕ್ಷಿ ಕೊಯ್ಲು. ಬಕೆಟ್ಟುಗಳು ಸಾಲದೆ ತಿಮೊತಿಯೆ ಬೆಳಿಗ್ಗೆಯಿಂದಲೇ ಗೊಣಗುತ್ತಿದ್ದ. ಇನ್ನು ತೊಟ್ಟಿಗೆ ಉಪ್ಪುನೀರು ಕಲಸುವ ಕೆಲಸ ಇಲ್ಲವಲ್ಲ ಎಂದು ವಿದಾ ಹೊಲಿಗೆ ಕೋಣೆಯ ಬಿಳಿ ಬಕೆಟ್ಟನ್ನು ಮುಚ್ಚಳದ ಸಮೇತ ಗುಡ್ಡಕ್ಕೆ ಒಯ್ದಳು. ಮೊದಲ ಸಾಲಿನ ಕೊನೆಯಲ್ಲಿ ಬಗ್ಗಿ ಗೊಂಚಲು ಕತ್ತರಿಸುತ್ತಿದ್ದಾಗ ಗಂಡ ಹಿಂದೆ ಬಂದು ನಿಂತ.

"ಇದನ್ನ ಎಲ್ಲಿಂದ ತಂದೆ?"

"ಯಾವುದನ್ನ?"

"ಈ ಬಿಳಿ ಬಕೆಟ್ಟು. ಏಪ್ರಿಲ್ ಪೂರ್ತಿ ಹುಡುಕಿದೀನಿ ನಾನು. ನಿನ್ನ ಮೈದುನ ಹೊತ್ಕೊಂಡು ಹೋದ ಅಂತ ಬೈದೂ ಆಯ್ತು. ಅವನು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ."

"ಶೆಡ್ಡಲ್ಲಿತ್ತು. ನನ್ನದು ತಳ ಒಡೆದಿತ್ತು, ತಗೊಂಡೆ. ಯಾಕೆ, ನಿನ್ನ ಹೆಸರು ಬರೆದಿತ್ತಾ ಅದರ ಮೇಲೆ?"

"ಅದಕ್ಕೆ ದ್ರಾಕ್ಷಿ ಹಾಕ್ಬೇಡ ಮಾರಾಯ್ತಿ. ಬಳ್ಳಿಗೆ ಹೊಡೆಯೋಕೆ ಮೈಲುತುತ್ತ ಕಲಸೋ ಬಕೆಟ್ಟು ಅದು."

"ತೊಳ್ದಿದೀನಿ. ಮೂರು ಸಲ. ಸೋಪಿಲ್ದೆ, ಬರೀ ವಿನಿಗರ್ ಹಾಕಿ."

"ಬಕೆಟ್ಟು ತೊಳ್ದಿರ್ತೀಯ. ಮುಚ್ಚಳ?"

ವಿದಾ ಕತ್ತರಿ ಹಿಡಿದುಕೊಂಡೇ ನೆಟ್ಟಗೆ ನಿಂತಳು. ತಿಮೊತಿಯೆ ಮುಚ್ಚಳವನ್ನು ಮಗುಚಿ, ಅಂಚಿನ ಸುತ್ತಲಿನ ಸಣ್ಣ ಕಾಲುವೆಯಂಥ ಸಂದಿಯಲ್ಲಿ ಹೆಬ್ಬೆರಳ ಉಗುರು ತೂರಿಸಿ ಎಳೆದ. ಉಗುರಿನ ತುದಿಯಲ್ಲಿ ನೀಲಿ ಪುಡಿ ಬಂತು. ಸಾಸಿವೆ ಕಾಳಿಗಿಂತ ಸಣ್ಣದು. ಬಿಸಿಲಿಗೆ ತುಂಬಾ ಚೆಂದ ಕಾಣುತ್ತಿತ್ತು.

"ಇಗೋ. ಇನ್ನೂ ಇದೆ."

"ತಿಮಾ, ಮೈಲುತುತ್ತದಲ್ಲಿ ಇರೋದು ಏನು?"

"ತಾಮ್ರ, ಇನ್ನೇನು? ಶಾಲೆಗೆ ಹೋಗ್ಲಿಲ್ವಾ ನೀನು?"

ಅವಳು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಪ್ರತಿ ಸಲವೂ ಶೋಧಿಸಿದ ನೀರು ತುಂಬಿ, ಉಪ್ಪು ಕಲಸಿ, ಬೆಚ್ಚಗಿಡುವ ಸಲಾಕೆ ಇಳಿಬಿಟ್ಟು, ಧೂಳು ಬೀಳದಿರಲಿ ಎಂದು ಮುಚ್ಚಳ ಮುಚ್ಚುತ್ತಿದ್ದಳು. ಎರಡು ದಿನ. ಆವಿ ಮೇಲೆ ಹೋಗಿ ಮುಚ್ಚಳಕ್ಕೆ ಕಟ್ಟಿ, ಆ ಸಂದಿಯನ್ನು ತೊಳೆದುಕೊಂಡು, ಹನಿ ಹನಿಯಾಗಿ ಒಳಗೆ ಬಿದ್ದಿದೆ. ಹವಳ ಬಾಡಿತೆಂದು ವಾರಕ್ಕೆ ಎರಡು ಸಲ ನೀರು ಬದಲಿಸಿದ್ದಳಲ್ಲ, ಎರಡು ಸಲವೂ ಅದೇ ನೀರು. ಉಳಿಸಬೇಕೆಂದು ಚಾಚಿದ ಕೈಯೇ ಪ್ರತಿ ಸಲ ವಿಷ ಹಾಕಿತ್ತು.

ಢಬ್, ಅಂತ ಹತ್ತಿರದಲ್ಲೇ ತೋಪು ಹಾರಿತು. ಹಕ್ಕಿಗಳು ಮೇಲೆದ್ದು, ಒಂದು ಸುತ್ತು ಹಾಕಿ, ಅದೇ ಸಾಲಿಗೆ ಇಳಿದವು.

ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

"ಸೋಮವಾರ ಅವನು ಬಂದು ತೊಟ್ಟಿ ಒಯ್ತಾನೆ. ಕಥೆ ಮುಗೀತು. ಇದನ್ನ ಈಗ ಯಾರಿಗೆ ಹೇಳ್ಬೇಕು?"

"ಆ ಕಲ್ಲೆಲ್ಲ ತಾಮ್ರ ಕುಡಿದು ಕೂತಿರುತ್ತೆ ತಿಮಾ. ಆ ಪಾಂಚೆವೊದವನ ಹವಳಾನೂ ಸಾಯುತ್ತೆ."

"ಹಾಗಾದ್ರೆ ಅವನಿಗೆ ಹೇಳು. ಸಂಘದವರಿಗೆ ಯಾಕೆ?"

"ಸ್ರೆತೆನ್?"

"ಸ್ರೆತೆನ್‌ಗೇನಾಗಿದೆ? ದಿನಾ ಬಸ್ಸು ಓಡಿಸ್ತಿದಾನೆ."

ಮಧ್ಯಾಹ್ನ ತೋಟದಲ್ಲೇ ಕೂತು ಮೆಣಸಿನಕಾಯಿ, ಹಂದಿಕೊಬ್ಬು, ರೊಟ್ಟಿ ತಿಂದರು. ಬಿಟ್ಟುಬಿಡುವುದು ಸುಲಭವಾಗಿತ್ತು. ಪಾಪ, ಎರಡು ಸಲ ಕಳ್ಕೊಂಡಳು, ಬೇಜಾರಾಗಿ ಬಿಟ್ಟಳು ಅಂತ ಎಲ್ಲರೂ ಅನ್ನುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ದುಃಖಪಡುವವರನ್ನು ಯಾರೂ ಕೆದಕುವುದಿಲ್ಲ. ನಾಲ್ಕು ತಿಂಗಳಿಂದ ಜನ ಅವಳೊಂದಿಗೆ ಮೆಲ್ಲಗೆ ಮಾತಾಡುತ್ತಿದ್ದರು. ಅದನ್ನು ಕಳೆದುಕೊಳ್ಳಬೇಕಾಗುತ್ತದೆ ಎನ್ನುವುದೂ ಅವಳಿಗೆ ಹೊಳೆಯಿತು. ಹೊಳೆದದ್ದಕ್ಕೆ ನಾಚಿಕೆಯಾಯಿತು.

ಸಂಜೆ ಟ್ರ್ಯಾಕ್ಟರಿನಲ್ಲಿ ಇಳಿಜಾರು ಇಳಿಯುವಾಗ ತಿಮೊತಿಯೆ ರಸ್ತೆ ನೋಡಿಕೊಂಡೇ, "ಬಕೆಟ್ಟಿನ ಮೇಲೆ ನಾನೊಂದು ಗುರುತು ಹಾಕ್ಬೇಕಿತ್ತು" ಅಂದ.

"ಮುಚ್ಚಳ ನಾನು ತಿರುಗಿಸಿ ನೋಡ್ಬೇಕಿತ್ತು" ಅಂದಳು ವಿದಾ.

ಮರುದಿನ ಭಾನುವಾರ, ಸಭೆಯ ದಿನ. ಗಾಳದವರ ಸಂಘದ ಹಿಂದಿನ ಕೋಣೆಯಲ್ಲಿ ಅವಳಲ್ಲದೆ ಒಂಬತ್ತು ಜನ ಇದ್ದರು. ಸ್ರೆತೆನ್‌ನ ಕುರ್ಚಿಯ ಮೇಲೆ ಯಾರೋ ತಮ್ಮ ಜಾಕೆಟ್ಟು ಹಾಕಿದ್ದರು. ಬಿಳಿ ಬಟ್ಟೆ ಹಾಸಿತ್ತು. ನೆವೆಂಕಾ ಒಂದು ಬೆರಳುದ್ದದ ಎಲುಬು ಇಟ್ಟು, ದೀಪ ಹೊಸದು ಹಾಕಿದೆ, ಎತ್ತರ ನೋಡ್ಲಿಲ್ಲ, ಸುಟ್ಟೆ ಅಂದಳು. ಆಮೇಲೆ ವಿದಾಳ ಸರದಿ. ಅವಳು ಚೀಲದಿಂದ ಮೊದಲು ತೊಟ್ಟಿಯಲ್ಲಿ ಉಳಿದಿದ್ದ ಕೊನೆಯ ಎಲುಬನ್ನೂ, ಆಮೇಲೆ ಮುಚ್ಚಳವನ್ನೂ ತೆಗೆದು ಇಟ್ಟಳು. ಮುಚ್ಚಳದ ಒಳಮೈ ಮೇಲಾಗಿತ್ತು. ಅಂಚಿನಲ್ಲಿ ನೀಲಿ.

"ಇದನ್ನ ಕೋಳಿಗೆ ಹಾಕ್ಬೇಡಿ ಕೊರ್ನೆಲ್ ಮಾಮ" ಅಂದಳು. "ಇದರಲ್ಲಿ ಮೈಲುತುತ್ತ ಇದೆ."

ಅವಳ ಕೈಬೆರಳುಗಳು ಮೇಜಿನ ಬಟ್ಟೆಯ ಅಂಚನ್ನು, ತಾನೇ ಹೊಲಿದ ಮಡಿಕೆಯನ್ನು, ಗಟ್ಟಿಯಾಗಿ ಹಿಡಿದಿದ್ದವು. ಒಂದೇ ಉಸಿರಿಗೆ ಹೇಳಿದಳು. ತೋಟದ ಬಕೆಟ್ಟು, ತಾನು ತೊಳೆದದ್ದು, ತೊಳೆಯದೆ ಬಿಟ್ಟದ್ದು, ಏಪ್ರಿಲ್‌ನಿಂದ ಮೊನ್ನೆಯವರೆಗೆ.

"ನಿಮ್ಮ ಚೂರುಗಳನ್ನ ಕೊಂದಿದ್ದು ನಾನು. ಉಪ್ಪಲ್ಲ. ಉಪ್ಪಿಗೆ ಏನೂ ಆಗಿರ್ಲಿಲ್ಲ. ನೀವು ಸ್ರೆತೆನ್‌ಗೆ ಅಂದಾಗ ನಾನು ಸುಮ್ಮನಿದ್ದೆ. ನನಗೆ ಅದು ಅನುಕೂಲ ಆಗಿತ್ತು."

ಪದ್ಧತಿಯ ಪ್ರಕಾರ ಯಾರೂ ಮಾತಾಡಲಿಲ್ಲ. ಕಾಫಿ ಇನ್ನೂ ಒಲೆಯ ಮೇಲಿತ್ತು. ಅದು ಉಕ್ಕುವ ಸದ್ದು, ಲೋಟಗಳ ಸದ್ದು, ಹೊರಗೆ ಚರ್ಚಿನ ಗಂಟೆ, ಎಲ್ಲ ಬೇರೆ ಬೇರೆಯಾಗಿ ಕೇಳಿಸಿತು. ಯಾವತ್ತೂ ಆ ಕಾಫಿ ಅಷ್ಟು ತಡವಾಗಿ ಬಂದಿರಲಿಲ್ಲ.

ಮೊದಲು ಎದ್ದವರು ಕೊರ್ನೆಲ್. ಮುಚ್ಚಳ ಕೈಗೆತ್ತಿಕೊಂಡು, ಹಲ್ಲು ನೋಡುತ್ತಿದ್ದ ಅಭ್ಯಾಸದಲ್ಲಿ ಬೆಳಕಿಗೆ ಹಿಡಿದು, ಸಂದಿಯನ್ನು ಸುತ್ತಲೂ ನೋಡಿದರು.

"ನಿನ್ನ ಮನೆಗೆ ಬಂದು ನಾಣ್ಯ ಕೇಳಿದೆ, ತಿರುಪು ಕೇಳಿದೆ, ಪೈಪು ಕೇಳಿದೆ" ಅಂದರು. "ಮೈಲುತುತ್ತ ಕೇಳ್ಲಿಲ್ಲ. ನನ್ನದೂ ಹನ್ನೊಂದು ಸಾಲು ದ್ರಾಕ್ಷಿ ಇದೆ, ಮಗಳೇ. ಅವತ್ತು ಬೆಳಿಗ್ಗೆ ಬಳ್ಳಿಗೆ ಅದನ್ನೇ ಹೊಡೆದು, ಕೈ ತೊಳ್ಕೊಂಡು, ನಿನ್ನ ಮನೆಗೆ ಬಂದಿದ್ದೆ." ಜೇಬಿನಿಂದ ಕರವಸ್ತ್ರ ತೆಗೆದು ಎಲುಬಿನ ಪಕ್ಕದಲ್ಲಿ ಇಟ್ಟರು. ಅವರ ಹತ್ತಿರ ಇಡಲು ಬೇರೇನೂ ಇರಲಿಲ್ಲ. "ಇದರಲ್ಲಿ ನನ್ನ ಪಾಲೂ ಬರ್ಕೊಳ್ಳಿ."

"ಅದನ್ನ ಮೊದಲು ಒಗೆಯೋಕೆ ಕೊಡಿ" ಅಂದಳು ನೆವೆಂಕಾ. ಯಾರೋ ಮೂಗಿನಲ್ಲಿ ನಕ್ಕರು. ನೆವೆಂಕಾಳ ಮುಖ ಮಾತ್ರ ಕೆಂಪಾಗಿತ್ತು. "ಉಪ್ಪು ಅಂತ ಮೊದಲು ಅಂದವಳು ನಾನು. ಪಾಠ ಮಾಡಿ ಮಾಡಿ, ಗೊತ್ತಿಲ್ಲ ಅನ್ನೋದು ಕೇಳಿದ್ರೆ ನನಗೆ ತಡೆಯಲ್ಲ."

"ಹಾಗಾದ್ರೆ ಮೊದಲಿನ ಎಲುಬು?" ಹಿಂದಿನಿಂದ ಯಾರೋ ಕೇಳಿದರು. "ಅದನ್ನ ಕೋಳಿ ತಿಂದಿರಬೇಕಲ್ಲ?"

"ಕೋಳಿಗಳು ಚೆನ್ನಾಗಿವೆ" ಅಂದರು ಕೊರ್ನೆಲ್. "ನನ್ನ ಹೆಂಡತಿ ನಾನು ಕೊಟ್ಟಿದ್ದನ್ನ ಅವಕ್ಕೆ ಹಾಕ್ತಾಳೆ ಅಂತ ಹತ್ತು ವರ್ಷದಿಂದ ನಂಬಿದ್ದೆ. ಮೊನ್ನೆ ನೋಡ್ತೀನಿ, ಎಲ್ಲ ಬೇಲಿ ಹಿಂದೆ ಗುಡ್ಡೆ ಬಿದ್ದಿದೆ."

ಆಗ ಎಲ್ಲರೂ ನಕ್ಕರು. ಅಷ್ಟೊತ್ತಿಗೆ ಕಾಫಿ ಆರಿತ್ತು. ವಿದಾ ನಗಲಿಲ್ಲ. ಆದರೆ ಬಟ್ಟೆಯ ಅಂಚನ್ನು ಬಿಟ್ಟಿದ್ದಳು.

ಅಜ್ಜಿಯ ಚೂರಿಗೆ ಕಾಯದೆ ಅವಳು ಹೊರಡಲು ಎದ್ದಳು. ಬೇಡ ಅನ್ನುವುದು ಹೇಗೆಂದು ಮನೆಯಿಂದಲೇ ಯೋಚಿಸಿಕೊಂಡು ಬಂದಿದ್ದಳು. ಕೊರ್ನೆಲ್ ಅವಳನ್ನು ಬಾಗಿಲ ಹತ್ತಿರ ತಡೆದರು. ಅವರ ಕೈಯಲ್ಲಿದ್ದದ್ದು ಹವಳವಲ್ಲ, ಜಾಮಿನ ಒಂದು ಶೀಸೆ. ಒಳಗೆ ಗಾಜಿಗೆ ಅಂಟಿಕೊಂಡು ಒಂದು ಬಸವನಹುಳು.

"ಚೂರು ಈಗ ಕೊಡಲ್ಲ" ಅಂದರು. "ಕೊಟ್ರೂ ನೀನು ತಗೊಳ್ಳಲ್ಲ ಅಂತ ಮುಖ ನೋಡಿದ್ರೆ ಗೊತ್ತಾಗುತ್ತೆ. ಇದನ್ನ ತಗೊಂಡು ಹೋಗು. ನೀರಲ್ಲಿ ತಾಮ್ರ ಇದ್ರೆ ಮೊದಲು ಉದುರೋದು ಇದೇ. ಹಳೇ ತೊಟ್ಟಿಗೆ ಬಿಡ್ಬೇಡ. ಮಷೀನಿನ ಪಕ್ಕ ಒಂದು ಬೋಗುಣೀಲಿ ಇಡು. ಹೊಸ ಬಕೆಟ್ಟು, ಹೊಸ ನೀರು, ಸ್ರೆತೆನ್‌ನ ಉಪ್ಪು. ನೀರು ಬದಲಿಸೋದು ನೀನೇ, ನಿನ್ನ ಕೈಯಲ್ಲೇ. ನಿಮ್ಮ ಚರ್ಚಿನವರು ಸತ್ತವರಿಗೆ ನಲವತ್ತು ದಿನ ಎಣಿಸ್ತಾರಲ್ಲ. ಇದನ್ನ ಬದುಕಿರೋದಕ್ಕೆ ಎಣಿಸು."

"ಸತ್ರೆ?"

"ಸತ್ರೆ ಚಿಪ್ಪು ತಂದು ಮೇಜಿನ ಮೇಲಿಡು. ಇನ್ನೊಂದು ಕೊಡ್ತೀನಿ. ನನ್ನ ತೊಟ್ಟೀಲಿ ನೂರಿವೆ, ಮಾರಾಯ್ತಿ, ನನಗೂ ಸಾಕಾಗಿದೆ." ಆಮೇಲೆ ಧ್ವನಿ ತಗ್ಗಿಸಿ, "ಈ ಕೋಣೇಲಿ ಹೇಳಿದ್ದು ನಮಗೆ ಕೇಳಿಸ್ತು. ಕೇಳಿಸಬೇಕಾದವನು ಇಲ್ಲಿಲ್ಲ" ಅಂದರು.

"ಅವನ ಬಸ್ಸು ಎಷ್ಟೊತ್ತಿಗೆ?"

"ಹನ್ನೆರಡೂವರೆಗೆ."

ವಿದಾ ಶೀಸೆಯನ್ನು ತಲೆಗೆ ಕಟ್ಟಿದ್ದ ಉಣ್ಣೆಯ ವಸ್ತ್ರದಲ್ಲಿ ಸುತ್ತಿ, ಎದೆಗೆ ಹಿಡಿದುಕೊಂಡು, ಪೇಟೆಯ ನಡುವೆ ನಡೆದಳು. ದಾರಿಯಲ್ಲಿ ಎರಡು ಸಲ ವಸ್ತ್ರ ಸರಿಸಿ ನೋಡಿದಳು. ಹುಳು ಅಲ್ಲೇ ಇತ್ತು. ಎರಡನೆಯ ಸಲ ಅದು ಗಾಜಿನ ಮೇಲೆ ಅರ್ಧ ಅಂಗುಲ ಸರಿದಿತ್ತು.

ಬಸ್ ನಿಲ್ದಾಣದ ಮೂರನೆಯ ಪ್ಲಾಟ್‌ಫಾರ್ಮಿನಲ್ಲಿ ಸ್ರೆತೆನ್ ಬಸ್ಸಿನ ಬಾಗಿಲಲ್ಲಿ ನಿಂತು, ಪ್ರಯಾಣಿಕರು ಉಗುಳಿದ ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಗುಡಿಸಿ ಹೊರಗೆ ತಳ್ಳುತ್ತಿದ್ದ. ಅವಳನ್ನು ನೋಡಿ ಪೊರಕೆ ನಿಲ್ಲಿಸಲಿಲ್ಲ.

"ವಿದಾ. ಬೆಲ್‌ಗ್ರೇಡಿಗಾ?"

"ಇಲ್ಲ. ನಿನ್ನ ಹತ್ರ."

"ನನ್ನ ಹತ್ರ ಬರೋರೆಲ್ಲ ಟಿಕೆಟ್ ತಗೋತಾರೆ."

ಅವಳು ಮೆಟ್ಟಿಲಿನ ಕೆಳಗೇ ನಿಂತು ಹೇಳಿದಳು. ಎರಡನೆಯ ಸಲ ಹೇಳುವಾಗ ಸುಲಭವಾಗುತ್ತದೆ ಅಂದುಕೊಂಡಿದ್ದಳು. ಆಗಲಿಲ್ಲ. ಸ್ರೆತೆನ್ ಕೊನೆಯ ಸಿಪ್ಪೆಯವರೆಗೂ ಗುಡಿಸಿ, ಪೊರಕೆಯನ್ನು ಸೀಟಿನ ಹಿಂದೆ ಸಿಕ್ಕಿಸಿ, ಮೆಟ್ಟಿಲ ಮೇಲೆ ಕೂತ. ಈಗ ಇಬ್ಬರ ಮುಖವೂ ಒಂದೇ ಎತ್ತರದಲ್ಲಿತ್ತು.

"ಮುಚ್ಚಳ ತೊಳೀಲಿಲ್ಲ."

"ತೊಳೀಲಿಲ್ಲ."

"ನನ್ನ ಹೆಂಡತಿಗೆ ಹೇಳ್ಬೇಕು ಇದನ್ನ. ಮುಚ್ಚಳ ತೊಳೆಯದೆ ಇರೋನು ಇಡೀ ಊರಲ್ಲಿ ನಾನೊಬ್ಬನೇ ಅಂತ ಅವಳು ತಿಳ್ಕೊಂಡಿದಾಳೆ." ನಗಲು ಹೋಗಿ ನಿಲ್ಲಿಸಿದ. "ಸಭೆ ಬಿಟ್ಟೆನಲ್ಲ, ಆವತ್ತಿನಿಂದ ಭಾನುವಾರ ಮನೇಲಿ ಕೂತು ಮಾವನ ಜೊತೆ ಇಸ್ಪೀಟು ಆಡ್ದೆ, ವಿದಾ. ಆ ಮುದುಕ ಕಳ್ಳಾಟ ಆಡ್ತಾನೆ. ಆ ಭಾನುವಾರಗಳನ್ನ ಯಾರು ವಾಪಸ್ ಕೊಡ್ತಾರೆ?"

"ಕೊಡೋಕಾಗಲ್ಲ."

"ಆಗಲ್ಲ" ಅಂದ ಸ್ರೆತೆನ್. ಅವಳು ಹಾಗೆ ನೇರವಾಗಿ ಅಂದದ್ದು ಅವನಿಗೆ ಹಿಡಿಸಿದ ಹಾಗೆ ಕಂಡಿತು. "ಸಂಘದವರಿಗೆ ಹೇಳಿದೆಯಾ?"

"ಈಗ ಹೇಳಿ ಬಂದೆ. ಮುಚ್ಚಳ ಮೇಜಿನ ಮೇಲೇ ಇದೆ. ನೆವೆಂಕಾ ಕೆಂಪಾಗಿದಾಳೆ."

"ಎಷ್ಟು ಕೆಂಪು?"

"ದೊಣ್ಣೆ ಮೆಣಸಿನಕಾಯಿಯಷ್ಟು."

"ನೋಡ್ಬೇಕಿತ್ತು" ಅಂದ. ಆಮೇಲೆ ಅವಳ ಎದೆಯ ಹತ್ತಿರದ ಗಂಟನ್ನು ಗಲ್ಲದಿಂದ ತೋರಿಸಿ, "ಅದೇನು, ನನಗೆ ಊಟಾನಾ?" ಅಂದ.

ವಿದಾ ವಸ್ತ್ರ ಸರಿಸಿದಳು. ಸ್ರೆತೆನ್ ಬಗ್ಗಿ ನೋಡಿದ. ಹಿಂದಿನಿಂದ ಟಿಕೆಟ್ ಹಿಡಿದು ಬಂದ ಹೆಂಗಸೊಬ್ಬಳೂ ಬಗ್ಗಿ ನೋಡಿ, ಏನೂ ಅರ್ಥವಾಗದೆ, ಅವರಿಬ್ಬರನ್ನೂ ದಾಟಿ ಬಸ್ಸು ಹತ್ತಿದಳು.

"ನಲವತ್ತು ದಿನ ಇದು ಬದುಕಬೇಕು" ಅಂದಳು ವಿದಾ. "ನಿನ್ನ ಉಪ್ಪಲ್ಲಿ. ನಿನ್ನ ಹತ್ರ ಇನ್ನೂ ಇದೆಯಾ?"

"ಒಂಬತ್ತು ಚೀಲ ನೆಲಮಾಳಿಗೇಲಿದೆ. ಚಳಿಗಾಲಕ್ಕೆ ಮೆಟ್ಟಿಲ ಮೇಲಿನ ಮಂಜುಗಡ್ಡೆಗೆ ಚೆಲ್ಲೋಣ ಅಂತಿದ್ದೆ. ನಮ್ಮ ಬಿಲ್ಡಿಂಗಿನ ಮುದುಕಿಯರ ಕಾಲಲ್ಲಿ ಹವಳ ಬೆಳೀತಿತ್ತು." ಎದ್ದು ಡ್ರೈವರ್ ಸೀಟಿನ ಕಡೆ ಹೋಗಿ, ಕನ್ನಡಿ ಸರಿಮಾಡಿ, ಅಲ್ಲಿಂದಲೇ ಕೂಗಿದ. "ಸಂಜೆ ಮನೆಗೆ ಹೋಗಿ ನನ್ನ ಹೆಂಡತಿ ಹತ್ರ ಒಂದು ಚೀಲ ತಗೋ. ನಾನು ಹೇಳ್ದೆ ಅನ್ನು. ಮುಚ್ಚಳದ ವಿಷಯ ಮಾತ್ರ ನೀನು ಹೇಳ್ಬೇಡ, ನಾನೇ ಹೇಳ್ತೀನಿ."

"ಅಕ್ಟೋಬರಿಗೆ ಸಭೆಗೆ ಬರ್ತೀಯಾ?"

"ಹುಳ ಬದುಕಿದ್ರೆ ಅದನ್ನ ನೋಡೋಕೆ ಬರ್ತೀನಿ. ನಿಮ್ಮನ್ನ ನೋಡೋ ಆಸೆ ನನಗಿಲ್ಲ."

ಬಸ್ಸಿನ ಬಾಗಿಲು ಉಸ್ಸೆಂದು ಮುಚ್ಚಿಕೊಂಡು, ಮತ್ತೆ ತೆರೆಯಿತು. ಸ್ರೆತೆನ್ ತಲೆ ಹೊರಗೆ ಹಾಕಿ, "ತೊಟ್ಟಿ ಮಾರ್ತೀಯಂತೆ, ಹೌದಾ?" ಅಂದ.

ವಿದಾ ಆಗಲೇ ತಿರುಗಿದ್ದಳು. ನಿಂತಳು. ಗುಡ್ಡದ ಕಡೆಯಿಂದ ಢಬ್ ಅಂತ ತೋಪಿನ ಸದ್ದು ಬಂತು. ಅವಳಿಗೆ ಪಂಪಿನ ಹಿಂದಿನ ಸಂದಿ ನೆನಪಾಯಿತು, ಅದರಲ್ಲಿ ನುಗ್ಗಿ ನಡುಗುವ ಎರಡು ಮೀನು ನೆನಪಾದವು.

"ಆ ಪಾಂಚೆವೊದವನಿಗೆ ಫೋನ್ ಮಾಡ್ಬೇಕು ಈಗ, ನಾಳೆ ಬರ್ಬೇಡಪ್ಪಾ ಅಂತ" ಅಂದಳು. ಶೀಸೆಯ ಮೇಲೆ ವಸ್ತ್ರ ಎಳೆದುಕೊಂಡು ಹೆಜ್ಜೆ ಹಾಕಿದಳು. ಮಾತು ನಿಲ್ಲಿಸಿರಲಿಲ್ಲ, ಸ್ರೆತೆನ್‌ಗೆ ಕೇಳಿಸುತ್ತದೋ ಇಲ್ಲವೋ ಎಂದು ತಿರುಗಿಯೂ ನೋಡಲಿಲ್ಲ. "ಮರಳು ಪೂರ್ತಿ ತೆಗೀಬೇಕು, ಕಲ್ಲು ಒಂದೂ ಇಡೋ ಹಾಗಿಲ್ಲ, ತಿಮಾಗೆ ಹೇಳಿ ಬಕೆಟ್ಟಿಗೆಲ್ಲ ಬಣ್ಣದ ಗುರುತು ಹಾಕಿಸ್ಬೇಕು, ಮೀನಿಗೆ ಅಲ್ಲೀವರೆಗೆ ಒಂದು ಹೂಕುಂಡಾನಾದ್ರೂ ಮಗುಚಿ ಇಟ್ರೆ ಅವಿತ್ಕೊಳ್ಳೋಕೆ ಜಾಗ ಆಗುತ್ತೆ, ಆಮೇಲೆ ನವೆಂಬರಿಗೆ, ಇದು ಬದುಕಿದ್ರೆ, ಅಜ್ಜಿಯಿಂದ ಒಂದೇ ಒಂದು ಸಣ್ಣ ಚೂರು..."